ಬೆಕ್ಕಿನ ಹೊಟ್ಟೆಯ ಕೆಂಪು ಚೌಕ

ನನ್ನಕ್ಕ ಡ್ರಾಯಿಂಗ್ ಟೀಚರ್. ನಾನು ಅದೇ ಶಾಲೆಯ ಆಫೀಸಿನಲ್ಲಿ ಕ್ಲರ್ಕ್. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವಳಿಗೆ ಎಲ್ಲಿತ್ತೋ, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಅವಳ ಪೀರಿಯಡ್ ಅಂದರೆ ಯಾರು ಬೇಕಾದರೂ ಕಿತ್ತುಕೊಳ್ಳಬಹುದಾದ ಪೀರಿಯಡ್. ವಿಜ್ಞಾನದ ಪಾಠ ಮುಗಿದಿಲ್ಲವೇ? ಡ್ರಾಯಿಂಗ್ ತಗೊಳ್ಳಿ. ಮಕ್ಕಳ ತೂಕ ನೋಡಬೇಕೇ? ಡ್ರಾಯಿಂಗ್ ಇದೆಯಲ್ಲ! ಅಕ್ಕ "ಆಗ್ಲಿ ಬಿಡಿ" ಎಂದು ಬಣ್ಣದ ಡಬ್ಬಿ ಎತ್ತಿಕೊಂಡು ಹೊರಗೆ ಹೋಗುತ್ತಿದ್ದಳು. ನಾನು ಆಫೀಸಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಚಿಕ್ಕವಳಿದ್ದಾಗ ಅವಳಿಗೆ ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ. ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಅವಳಿಗೆ ಲೆಕ್ಕ ಕಲಿಸಿದ್ದು ಅಪ್ಪನಲ್ಲ, ಚಿಕ್ಕಮ್ಮನ ಕಸೂತಿ. ಎಳೆ ಎಣಿಸದಿದ್ದರೆ ಹೂವಿನ ದಳ ಸೊಟ್ಟಗಾಗುತ್ತದಲ್ಲ! ಅದನ್ನೇ ಅವಳು ತರಗತಿಗೆ ತಂದಳು. ಚೌಕುಳಿ ಹಾಳೆ, ಅದರ ಒಂದೊಂದು ಚೌಕಕ್ಕೂ ಒಂದು ಸಣ್ಣ ಲೆಕ್ಕ. ಬಂದ ಉತ್ತರವನ್ನು ನಾಲ್ಕರಿಂದ ಭಾಗಿಸಬೇಕು. ಶೇಷ ಸೊನ್ನೆಯಾದರೆ ಆ ಚೌಕ ಬಿಳಿ, ಒಂದಾದರೆ ಕಪ್ಪು, ಎರಡಾದರೆ ಕೆಂಪು, ಮೂರಾದರೆ ಹಳದಿ. ಎಲ್ಲ ಸರಿಯಾದರೆ ಹಳೆಯ ವಿಡಿಯೋ ಗೇಮಿನಲ್ಲಿ ಕಾಣುತ್ತಿದ್ದ ಹಾಗೆ ಚೌಕ ಚೌಕವಾಗಿ ಒಂದು ಮೀನೋ ಕೆಟಲ್ಲೋ ಎದ್ದು ಬರುತ್ತದೆ. ಮಕ್ಕಳು ಅವಳನ್ನು ಚೌಕ ಟೀಚರ್ ಅನ್ನುತ್ತಿದ್ದರು. ಗಣಿತದ ಮೇಷ್ಟ್ರು ಮಾತ್ರ ಇದನ್ನು "ಬಣ್ಣ ಬಳಿಯೋ ಆಟ" ಎಂದು ನಗುತ್ತಿದ್ದರು.

ಈ ಮಹಾನುಭಾವರಿಗೆ ಶಾಲೆಯ ಫಲಿತಾಂಶ ನೂರಕ್ಕೆ ನೂರು ಬರಬೇಕಿತ್ತು. ಅದಕ್ಕೆ ಕಂಡುಕೊಂಡ ದಾರಿ ಪಾಠ ಮಾಡುವುದಲ್ಲ, ತಮಗೆ ದಡ್ಡರೆನಿಸಿದವರನ್ನು ಪರೀಕ್ಷೆಗೇ ಕೂರಿಸದಿರುವುದು. ಈ ವರ್ಷ ಹನ್ನೆರಡು ಮಕ್ಕಳ ಪಟ್ಟಿ ಮಾಡಿದರು. ಟೈಪ್ ಮಾಡಿದವಳು ನಾನೇ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಮೊದಲ ಹೆಸರು ಟೈಲರ್ ಮಗಳದು. ಪರೀಕ್ಷೆ ತಪ್ಪಿದರೆ ಅವಳ ಓದು ಅಲ್ಲಿಗೆ ನಿಂತಂತೆ. ಅಪ್ಪನ ಅಂಗಡಿಯಲ್ಲಿ ಅವಳಿಗೆಂದು ಎರಡನೆಯ ಹೊಲಿಗೆ ಮೆಷಿನ್ ಆಗಲೇ ಬಂದಿತ್ತು.

ಅಕ್ಕ ಪಟ್ಟಿ ನೋಡಿದವಳೇ ಹೆಡ್‌ಮಾಸ್ಟರರ ಕೋಣೆಗೆ ಹೋದಳು. ಗಣಿತದ ಮೇಷ್ಟ್ರೂ ಅಲ್ಲೇ ಇದ್ದರು.

"ಸಾರ್, ಆ ಹುಡುಗಿ ನನ್ನ ಹಾಳೇಲಿ ಒಂದು ಚೌಕಾನೂ ತಪ್ಪಲ್ಲ. ಲೆಕ್ಕ ಬರದೆ ಅದು ಹೇಗಾಗತ್ತೆ?"

"ನೀವೇ ಹೇಳಿಕೊಟ್ಟಿರ್ತೀರಿ," ಎಂದರು ಮೇಷ್ಟ್ರು.

"ಹಾಗಿದ್ರೆ ಲೆಕ್ಕ ನೀವೇ ಬರ್ಕೊಡಿ."

ಬರೆದುಕೊಟ್ಟರು. ನೂರು ಚೌಕ, ನೂರು ಲೆಕ್ಕ, ಕಪ್ಪು ಹಿನ್ನೆಲೆಯ ಮೇಲೆ ಒಂದು ಬಿಳಿ ಬೆಕ್ಕು. ಏನು ಚಿತ್ರ ಬರುತ್ತದೆಂದು ಹುಡುಗಿಗೆ ಹೇಳುವಂತಿರಲಿಲ್ಲ. ಒಂದೂ ತಪ್ಪಿಲ್ಲದಿದ್ದರೆ ಪರೀಕ್ಷೆಗೆ ಕೂರಲಿ ಎಂದು ಹೆಡ್‌ಮಾಸ್ಟರ್ ಒಪ್ಪಿದರು. ಮರುದಿನ ಮಧ್ಯಾಹ್ನ ಹುಡುಗಿ ಅದೇ ಕೋಣೆಯಲ್ಲಿ, ಎಲ್ಲರ ಕಣ್ಣೆದುರು ಕೂತು ಮಾಡಿದಳು.

ಬೆಕ್ಕು ಬಂತು. ಹಳದಿ ಕಣ್ಣು, ಕೆಂಪು ನಾಲಿಗೆ, ಎಲ್ಲ ಇತ್ತು. ಆದರೆ ಬಿಳಿ ಹೊಟ್ಟೆಯ ನಡುವೆ ಒಂದು ಕೆಂಪು ಚೌಕ.

"ನೋಡಿ, ನಾನ್ ಹೇಳ್ಲಿಲ್ವಾ!" ಮೇಷ್ಟ್ರು ಕೂತಲ್ಲೇ ಕುಣಿದರು. ಹೆಡ್‌ಮಾಸ್ಟರ್ "ಇನ್ನು ಹೋಗಮ್ಮ" ಅಂದೇಬಿಟ್ಟರು.

ಹುಡುಗಿ ಅಲ್ಲಾಡಲಿಲ್ಲ. "ಅಲ್ಲಿ ಬಿಳಿ ಬರ್ಬೇಕು ಅಂತ ನಂಗೂ ಅನ್ನಿಸ್ತು ಸಾರ್. ಮೂರ್ ಸಲ ಮಾಡಿ ನೋಡ್ದೆ. ಲೆಕ್ಕ ಕೆಂಪೇ ಅಂತು."

ಅಕ್ಕ ಹಾಳೆ ಎಳೆದುಕೊಂಡಳು. ಏಳೆಂಟ್ಲಿ ಐವತ್ತಾರು, ಅದರಲ್ಲಿ ಆರು ಕಳೆದರೆ ಐವತ್ತು. ನಾಲ್ಕರಿಂದ ಭಾಗಿಸಿದರೆ ಶೇಷ ಎರಡು. ಕೆಂಪೇ! ಬಿಳಿ ಬೇಕಿದ್ದರೆ ನಾಲ್ಕು ಕಳೆಯಬೇಕಿತ್ತು. ಲೆಕ್ಕ ತಪ್ಪಾಗಿ ಬರೆದವರು ಗಣಿತದ ಮೇಷ್ಟ್ರು.

ಅವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಬೆಕ್ಕು ಅಂತ ಗೊತ್ತಾದ್ಮೇಲೆ ಬಿಳಿ ಹಾಕ್ಬಹುದಿತ್ತಪ್ಪ. ಅಷ್ಟೂ ತಲೆ ಬೇಡ್ವಾ?" ನನಗೆ ಮೈಯೆಲ್ಲ ಉರಿದುಹೋಯಿತು. ಊಹೆಗೆ ಬಣ್ಣ ಹಚ್ಚಿದ್ದರೆ ಜಾಣೆ, ಲೆಕ್ಕವನ್ನು ನಂಬಿದ್ದಕ್ಕೆ ದಡ್ಡಿ. ಇಂಥವರು ಗಣಿತ ಕಲಿಸುತ್ತಾರೆ!

ಹೆಡ್‌ಮಾಸ್ಟರ್ ಕ್ಯಾಲ್ಕುಲೇಟರ್ ಒತ್ತಿ ನೋಡಿ, ಕೆಮ್ಮಿ, ಹುಡುಗಿಯ ಪರೀಕ್ಷೆ ಅರ್ಜಿ ತರಲು ನನಗೆ ಹೇಳಿದರು. ನಾನು ಹನ್ನೆರಡನ್ನೂ ತಂದು ಮೇಜಿನ ಮೇಲೆ ಕುಕ್ಕಿದೆ. ಅವರು ಒಂದಕ್ಕೆ ಸಹಿ ಹಾಕಿ ಪೆನ್ನಿನ ಮುಚ್ಚಳ ಹುಡುಕಿದರು.

ಮುಚ್ಚಳ ಅಕ್ಕನ ಮುಷ್ಟಿಯಲ್ಲಿತ್ತು.

"ಇವಳು ಬೆಕ್ಕು ಬರೆದ್ಳು ಸಾರ್. ಉಳಿದ ಹನ್ನೊಂದು ಮಕ್ಕಳು ಏನ್ ಬರೀಬೇಕು?" ಅವಳ ದನಿ ಅಷ್ಟು ಏರಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪಕ್ಕದ ತರಗತಿಯ ಗಲಾಟೆಯೂ ನಿಂತಿತು. "ಒಂದು ಬೆಕ್ಕಿನ ಲೆಕ್ಕ ನೆಟ್ಟಗೆ ಬರೆಯೋಕೆ ಬರ್ದೇ ಇರೋರು ಇಷ್ಟು ಮಕ್ಕಳ ಹಣೆಬರಹ ಬರೀತಾರಾ?"

ಮೇಷ್ಟ್ರು ಬಾಗಿಲು ಬಡಿದುಕೊಂಡು ಹೊರಗೆ ಹೋದರು. ಅಕ್ಕ ಮುಚ್ಚಳ ಕೊಡಲಿಲ್ಲ, ಅವರು ಬಿಟ್ಟುಹೋದ ಕುರ್ಚಿ ಎಳೆದುಕೊಂಡು ಕೂತಳು. ಹೆಡ್‌ಮಾಸ್ಟರ್ ಒಮ್ಮೆ ಅವಳನ್ನು ನೋಡಿ, ಒಮ್ಮೆ ನನ್ನನ್ನು ನೋಡಿ, ಎರಡನೆಯ ಅರ್ಜಿಗೆ ಕೈ ಹಾಕಿದರು.