ಗೋಡೆಯ ಮೇಲಿನ ಗಂಗಾಂಬಿಕಾ

ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದಿನ ಉದ್ದನೆಯ ಗೋಡೆಯ ಮೇಲೆ ಶಾಂತಿ, ಕರುಣೆ ಸಾರುವ ಚಿತ್ರ ಬೇಕೆಂದು ಊರಿನ ಹಿರಿಯರು ಬೋರ್ಡು ಬರೆಯುವ ಕರಿಬಸಯ್ಯನಿಗೆ ಹೇಳಿದರು. ಬಾಯಾರಿದವರಿಗೆ ನೀರು ಕೊಡುವ ಹೆಂಗಸನ್ನು ಆತ ಆಳೆತ್ತರಕ್ಕಿಂತ ಮೂರು ಪಟ್ಟು ದೊಡ್ಡದಾಗಿ ಬರೆದ. ಮುಖ ಮಾತ್ರ ತೀರಿಹೋದ ಹೆಂಡತಿ ಗಂಗಾಂಬಿಕಾಳದು. ಮನೆಯಲ್ಲಿ ಆಕೆಯ ಒಂದು ಫೋಟೋ ಕೂಡ ಇರಲಿಲ್ಲ.

ಜನ ಮೆಚ್ಚಿದರು. ಮೆಚ್ಚಿದ ಮೇಲೆ ಎಂದಿನಂತೆ ಅಲ್ಲೇ ಉಚ್ಚೆ ಹೊಯ್ದರು.

“ಅಣ್ಣಾ, ಹೆಣ್ಮಗಳ ಮುಂದ ಹಿಂಗ ನಿಲ್ತಾರೇನ್ರಿ?” ಎಂದು ಕರಿಬಸಯ್ಯ ಒಬ್ಬನಿಗೆ ಕೈಮುಗಿದ.

“ದೇವ್ರ ಚಿತ್ರ ಆಗಿದ್ರ ಬ್ಯಾರೆ ಮಾತಿತ್ತು ತಾತಾ. ಇದು ಬರೇ ಮನಷ್ಯಾರದೈತಲ್ಲ,” ಎಂದ ಆತ ಪ್ಯಾಂಟಿನ ಜಿಪ್ಪು ಎಳೆದುಕೊಳ್ಳುತ್ತ.

ಮರುದಿನ ಕರಿಬಸಯ್ಯ ಹೆಂಡತಿಯ ತಲೆಗೆ ಕಿರೀಟ ಇಟ್ಟ, ಇನ್ನೆರಡು ಕೈ ಬರೆದ. ಉಚ್ಚೆ ನಿಂತಿತು. ಊದಿನಕಡ್ಡಿ, ತೆಂಗಿನಕಾಯಿ ಬಂದವು, ಹಿಂದೆಯೇ ಒಂದು ಹುಂಡಿ ಬಂತು.

ಬೇಸಿಗೆಗೆ ಆಕೆಯ ಗಲ್ಲದ ಬಣ್ಣ ಚಕ್ಕೆಯೆದ್ದಿತು. ಕರಿಬಸಯ್ಯ ಕುಂಚ ಹಿಡಿದು ಏಣಿ ಹತ್ತಿದ. ಕಾಯಿ ಒಡೆಯಲು ಬಂದಿದ್ದ ಅದೇ ಜಿಪ್ಪಿನವನು ಆತನ ಕಾಲು ಹಿಡಿದು ಕೆಳಕ್ಕೆಳೆದ.

“ದೇವಿ ಗಲ್ಲ ಮುಟ್ತೀಯೇನಲೇ, ಮುದುಕಾ?”

“ಆಕಿ ನನ್ನ ಹೆಂಡ್ತಿ ಅದಾಳ್ರೀ…”

ಮುಟ್ಟಿದ್ದಕ್ಕೆ ಎರಡೇ ಏಟು ಬಿದ್ದಿದ್ದವು. ಹೆಂಡತಿ ಎಂದದ್ದಕ್ಕೆ ಸರದಿಯಲ್ಲಿ ನಿಂತಿದ್ದ ಭಕ್ತರೆಲ್ಲ ಕೈ ಹಾಕಿದರು.