ಹಗುರ ಕ್ಯಾಮೆರಾ ಹುಡುಕಿದ ಚಳಿಗಾಲ

ಮಗಳು ಹುಟ್ಟುವ ಮುಂಚೆ ದೆಹಲಿಯ ದ್ವಾರಕಾದ ನಮ್ಮ ಸೊಸೈಟಿಯ ಗೇಟಿನಲ್ಲಿ ನನಗೊಂದು ಬಿರುದಿತ್ತು: ಚಿಡಿಯಾವಾಲಿ ಮೇಡಂ, ಅಂದರೆ ಹಕ್ಕಿಗಳ ಮೇಡಂ. ಚಳಿಗಾಲದ ಭಾನುವಾರಗಳಲ್ಲಿ ಬೆಳಕು ಹರಿಯುವ ಹೊತ್ತಿಗೆ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಹಕ್ಕಿ ನೋಡಲು ಹೊರಡುತ್ತಿದ್ದವಳಿಗೆ ಗಾರ್ಡ್ ಭಯ್ಯಾ ದಯಪಾಲಿಸಿದ್ದು ಅದು. ಚೀಲದಲ್ಲಿ ಕ್ಯಾಮೆರಾ ಇರುತ್ತಿತ್ತು, ಜೊತೆಗೆ ಮೊದಲ ಕೆಲಸದ ಸಂಬಳ ಕೂಡಿಟ್ಟು ಕೊಂಡಿದ್ದ, ಮೊಣಕೈಯುದ್ದದ ಟೆಲಿ ಲೆನ್ಸ್. ನಜಫ್‌ಗಢದ ಕಡೆಯ ಜೌಗಿಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ಮುಂದೆ ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂರುವುದರಲ್ಲಿ ನನಗೆ ಎಂಥದೋ ಸುಖ. "ಅವು ನಮ್ಮ ಮೈಸೂರಿನ ಹತ್ತಿರದ ಕೆರೆಗೂ ಬರ್ತಾವಲ್ಲೇ, ಅದಕ್ಕೆ ದೆಹಲಿವರೆಗೆ ಹೋಗ್ಬೇಕಿತ್ತಾ?" ಎಂದು ಅಮ್ಮ ಫೋನಿನಲ್ಲಿ ಮೂಗು ಮುರಿಯುತ್ತಿದ್ದಳು.

ಹೆರಿಗೆಯಾಗಿ ಬಂದ ಮೇಲೆ ಅದೇ ಗೇಟಿನಲ್ಲಿ ನಾನು 'ಗುಡಿಯಾ ಕೀ ಮಮ್ಮಿ', ಪಾಪುವಿನ ಅಮ್ಮ, ಆದೆ. ಹಳೆಯ ಬಿರುದನ್ನು ಯಾವಾಗ ವಾಪಸು ತೆಗೆದುಕೊಂಡರೋ ಗೊತ್ತಾಗಲಿಲ್ಲ. ಮಗಳೆಂದರೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೂ ಬೀರುವಿನ ಮೇಲೆ ಆ ಚೀಲಕ್ಕೆ ಧೂಳು ಕೂರುವುದನ್ನು ನೋಡಿದಾಗಲೆಲ್ಲ ಕುರ್ಚಿ ಹತ್ತಿ ಒರೆಸಿ ಮತ್ತೆ ಅಲ್ಲೇ ಇಡುತ್ತಿದ್ದೆ.

ಮಗಳು ಕೂರಲು ಕಲಿತ ಚಳಿಗಾಲದಲ್ಲಿ, ಮತ್ತೆ ಭಾನುವಾರ ಜೌಗಿಗೆ ಹೋಗಬೇಕು ಅನ್ನಿಸುತ್ತಿದೆ ಎಂದು ಗಂಡನಿಗೆ ಹೇಳಿದೆ. ಅವನು ನೋಯ್ಡಾದ ಐಟಿ ಕಂಪನಿಯೊಂದರಲ್ಲಿ ದಿನವಿಡೀ ಬೇರೆಯವರ ಸಮಸ್ಯೆ ಬಿಡಿಸುವವನು. ನನ್ನದನ್ನೂ ನಿಂತ ಕಾಲಲ್ಲೇ ಬಿಡಿಸಿದ.

"ಆ ಲೆನ್ಸ್ ತುಂಬಾ ಭಾರ ಕಣೇ. ಮಗೂನೂ ಎತ್ಕೊಂಡು ಅದನ್ನೂ ಎತ್ಕೊಂಡು ಹೇಗೆ ಹೋಗ್ತೀಯಾ? ಹಗುರವಾದ್ದೊಂದು ನೋಡೋಣ ಬಿಡು."

ಎಂಥ ಗಂಡ! ಹೆಂಡತಿಯ ಹವ್ಯಾಸ ಉಳಿಯಲಿ ಎಂದು ಇಷ್ಟು ಯೋಚಿಸುವವರು ಎಷ್ಟು ಜನರಿದ್ದಾರೆ? ನನಗೆ ಕಣ್ಣು ತುಂಬಿ ಬಂತು. ಕಣ್ಣು ತುಂಬಿದ್ದರಿಂದಲೋ ಏನೋ, ಆ ಮಾತಿನಲ್ಲಿ ಏನಿದೆ ಎಂದು ನೋಡಲೇ ಇಲ್ಲ.

ಅಂದಿನಿಂದ ಸಂಶೋಧನೆ ಶುರುವಾಯಿತು. ದ್ವಾರಕಾದಿಂದ ನೋಯ್ಡಾಕ್ಕೆ ಮೆಟ್ರೋದಲ್ಲಿ ಸಾಗುವ ದೂರ ಎಂಥದೆಂದು ಇಲ್ಲಿಯವರಿಗೆ ಗೊತ್ತು, ಊರಿನ ಈ ತುದಿಯಿಂದ ಆ ತುದಿ. ಹೋಗುತ್ತಾ ಬರುತ್ತಾ ಅವನು ಕ್ಯಾಮೆರಾ ವಿಮರ್ಶೆಯ ವಿಡಿಯೋ ನೋಡಿದ. ಎಕ್ಸೆಲ್ ಶೀಟ್ ತೆರೆದ. ಮಿರರ್‌ಲೆಸ್ ಎಂಬ ಸಣ್ಣ ಜಾತಿಯ ಕ್ಯಾಮೆರಾಗಳೆಲ್ಲ ಸಾಲಾಗಿ ಬಂದು ನಿಂತವು. ಬಣ್ಣಬಣ್ಣದ ಕಾಲಂಗಳು, ಬ್ಯಾಟರಿ ಸಮೇತ ತೂಕ, ಬ್ಯಾಟರಿ ಇಲ್ಲದೆ ತೂಕ. ನಾನೂ ಮಗಳಿಗೆ ಹಾಲು ಕುಡಿಸುತ್ತಾ ಅದೇ ವಿಡಿಯೋಗಳನ್ನು ನೋಡಿದೆ. ಅವುಗಳಲ್ಲಿ ಗಡ್ಡ ಬಿಟ್ಟ ಗಂಡಸರು ಬೆಟ್ಟದ ತುದಿಯಲ್ಲಿ ನಿಂತು ಹಗುರತನದ ಬಗ್ಗೆ ಭಾವುಕರಾಗಿ ಮಾತಾಡುತ್ತಿದ್ದರು. ಒಬ್ಬನ ಕಂಕುಳಲ್ಲೂ ಮಗು ಇರಲಿಲ್ಲ.

ಮನೆಯಲ್ಲಿ ರಾಗಿಹಿಟ್ಟು ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಅವನ ಸುಪರ್ದಿಗೆ ಹೋಯಿತು. ನನ್ನ ಹಳೆಯ ಕ್ಯಾಮೆರಾ, ಅದರ ಪಟ್ಟಿ, ಕೊನೆಗೆ ಲೆನ್ಸಿನ ಮುಚ್ಚಳವನ್ನೂ ತೂಗಿ ಬರೆದುಕೊಂಡ. ಅತ್ತ ಲಸಿಕೆಗೆಂದು ಕ್ಲಿನಿಕ್ಕಿಗೆ ಹೋದಾಗ ಮಗಳನ್ನೂ ತೂಗುತ್ತಿದ್ದರು. ಶೀಟಿನಲ್ಲಿ ಕ್ಯಾಮೆರಾ ಇನ್ನೂರು ಗ್ರಾಂ ಇಳಿಯಿತೆಂದು ಇವನಿಗೆ ಸಂಭ್ರಮ, ಮಗಳು ಅರ್ಧ ಕೆ.ಜಿ. ಏರಿದಳೆಂದು ಮೈಸೂರಿನಲ್ಲಿ ಸಂಭ್ರಮ. ಎರಡನ್ನೂ ಹೊರುವ ನನ್ನ ಸೊಂಟವನ್ನು ಯಾರೂ ಯಾವ ಕಾಲಂನಲ್ಲೂ ಬರೆಯಲಿಲ್ಲ.

ಹೊರಗೆ ಹೋಗುವಾಗೆಲ್ಲ ಮಗಳು ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್‌ನಲ್ಲಿ ನನ್ನ ಎದೆಯ ಮೇಲೇ ಇರುತ್ತಿದ್ದಳು. ಬಗ್ಗಿ ನೋಡಿದರೆ ಕಾಣುತ್ತಿದ್ದುದು ನೆತ್ತಿ, ಅದರ ಮೇಲಿನ ಸುಳಿ, ಎಷ್ಟು ತಿಕ್ಕಿದರೂ ಹೋಗದ ಹೊಟ್ಟು. ನಮ್ಮ ಮಗಳ ನೆತ್ತಿಯ ಬಗ್ಗೆ ಯಾರು ಏನೇ ಕೇಳಿದರೂ ನಾನು ಉತ್ತರ ಕೊಡಬಲ್ಲವಳಾಗಿದ್ದೆ.

ಕೊನೆಗೆ ಶೀಟಿನಲ್ಲಿ ಒಂದು ಕ್ಯಾಮೆರಾ ಗೆದ್ದಿತು. ಅಂಗೈಯಲ್ಲಿ ಕೂರುವಂಥದ್ದು, ಮುದ್ದಾಗಿಯೂ ಇತ್ತು. ಆದರೆ ಅದಕ್ಕೆ ಬದಲಿಯಾಗಿ ನನ್ನ ಟೆಲಿ ಲೆನ್ಸನ್ನು ಅಂಗಡಿಗೆ ಕೊಡಬೇಕೆಂದು ತೀರ್ಮಾನವಾಗಿತ್ತು.

"ಇದರಲ್ಲಿ ಹೆಬ್ಬಾತು ಚುಕ್ಕೆ ಥರ ಕಾಣುತ್ತಲ್ಲೋ," ಎಂದೆ.

"ಕ್ರಾಪ್ ಮಾಡ್ಕೋಬಹುದು," ಎಂದ.

ಚುಕ್ಕೆಯನ್ನು ಎಷ್ಟು ಕತ್ತರಿಸಿದರೂ ಚುಕ್ಕೆಯೇ. ಆ ಲೆನ್ಸ್ ಹೋದರೆ ಜೌಗಿನ ಭಾನುವಾರಗಳೂ ಹೋದಂತೆ ಎಂದು ನನಗೆ ಗೊತ್ತಿತ್ತು. ಆದರೆ ಭಾರವಂತೂ ನಿಜ ತಾನೇ! ತಾಯಿಯಾದವಳು ಇಷ್ಟಾದರೂ ಬಿಡಬೇಕಾಗುತ್ತದೆ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡು, ಒಂದು ಶನಿವಾರ ಗಂಡ, ಮಗಳೊಡನೆ ಚಾಂದನಿ ಚೌಕದ ಕ್ಯಾಮೆರಾ ಗಲ್ಲಿಗೆ ಹೊರಟೆ.

ಅಂಗಡಿ ಎಂದರೆ ಒಂದು ಗಾಜಿನ ಕಪಾಟು, ಅದರ ಮುಂದೆ ನಾವು, ನಮ್ಮ ಬೆನ್ನಿಗೆ ತಾಗುವಂತೆ ಇಡೀ ಚಾಂದನಿ ಚೌಕ. ಮಗಳು ನನ್ನ ಎದೆಯ ಮೇಲಿದ್ದಳು, ಚೀಲ ಬೆನ್ನ ಮೇಲಿತ್ತು. ಗಂಡ ಎರಡೂ ಕೈ ಖಾಲಿ ಇಟ್ಟುಕೊಂಡು ಆ ಸಣ್ಣ ಕ್ಯಾಮೆರಾ ಎತ್ತಿ, ಇಳಿಸಿ, ಕುತ್ತಿಗೆಗೆ ಹಾಕಿಕೊಂಡು ನೋಡಿದ.

"ನೋಡೇ, ಎಷ್ಟು ಹಗುರ! ಇದೆ ಅಂತಾನೇ ಗೊತ್ತಾಗಲ್ಲ!"

ಅವನ ಮುಖದ ಸಂತೋಷ ನೋಡಿ ನನಗೆ ನಗು ಬಂತು. ನಗುವಿನ ಹಿಂದೆಯೇ ಬೇರೆ ಏನೋ ಬಂತು.

ಅಷ್ಟರಲ್ಲಿ ಅಂಗಡಿಯವನು, "ಮೇಡಂ, ಲೆನ್ಸ್ ಚಲಾಕೆ ದಿಖಾಯಿಯೇ," ಎಂದ. ಸರಿಯಾಗಿ ಕೆಲಸ ಮಾಡುತ್ತದೆಂದು ತೋರಿಸಬೇಕಿತ್ತು. ಮಗಳ ತಲೆ ಅಡ್ಡ ಬಂದರೆ ಅಷ್ಟುದ್ದದ ಲೆನ್ಸನ್ನು ಕಣ್ಣಿಗೆ ತರಲು ಆಗುವುದಿಲ್ಲ. ಕ್ಯಾರಿಯರ್ ಬಿಚ್ಚಿ, ಮಗಳ ಸಮೇತ ಗಂಡನ ಎದೆಗೆ ಕಟ್ಟಿ, ಬಕಲ್ ಬಿಗಿದೆ. ಅವಳು ಅವನ ಗಡ್ಡ ಹಿಡಿದು ಎಳೆದಳು.

ನಾನು ಗಲ್ಲಿಗೆ ಬಂದು ಲೆನ್ಸ್ ಎತ್ತಿದೆ. ಮೇಲೆ ಕರೆಂಟಿನ ತಂತಿಗಳ ಗೋಜಲಿನ ನಡುವೆ ಒಂದು ಹದ್ದು ಕೂತು ರೆಕ್ಕೆ ತಿಕ್ಕಿಕೊಳ್ಳುತ್ತಿತ್ತು. ಅದರ ಕಣ್ಣು ಫಳಕ್ಕನೆ ಫೋಕಸ್‌ಗೆ ಬಂತು. ಆಗ ತಿಳಿಯಿತು, ಲೆನ್ಸ್ ಭಾರವೇ ಇಲ್ಲ. ಅಂದರೆ ಇತ್ತು, ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ನನ್ನ ಮೈ ಹಗುರಾಗಿತ್ತು, ಅಷ್ಟೇ. ಇಷ್ಟು ತಿಂಗಳ ಸಂಶೋಧನೆಯಲ್ಲಿ ಕ್ಯಾಮೆರಾ ಯಾವುದು ಎಂದು ಕೇಳಿದ್ದೆವೇ ಹೊರತು ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂದು ಇಬ್ಬರಲ್ಲಿ ಒಬ್ಬರೂ ಕೇಳಿರಲಿಲ್ಲ. ಮಗುವನ್ನು ನನ್ನ ಎದೆಗೆ ಹೊಲಿದುಬಿಟ್ಟಂತೆ ನಡೆದುಕೊಂಡಿದ್ದೆವು. ನನಗೆ ಮೈಯೆಲ್ಲ ಉರಿಯಿತು.

"ಇದು ಕೊಡಲ್ಲ," ಎಂದೆ.

"ಮತ್ತೆ ಹಗುರದ್ದು?" ಗಂಡ ಕಂಗಾಲಾಗಿ ಕೇಳಿದ. ಶೀಟಿನ ಗತಿ ಏನು ಎಂದು ಅವನ ಚಿಂತೆ.

"ಹಗುರ ಆಯ್ತಲ್ಲ ಈಗ," ಎಂದು ಅವನ ಎದೆಯ ಮೇಲಿದ್ದವಳನ್ನು ತೋರಿಸಿದೆ. "ನಾಳೆ ಭಾನುವಾರ. ನೀನೂ ಬರ್ತಿದ್ದೀಯ."

ಅವನು ಪೆದ್ದನಲ್ಲ. ನನ್ನ ಮುಖ ನೋಡಿದ, ಕೆಳಗೆ ಬಗ್ಗಿ ಮಗಳ ನೆತ್ತಿ ನೋಡಿದ, ಸಣ್ಣ ಕ್ಯಾಮೆರಾವನ್ನು ಅಂಗಡಿಯವನ ಕಡೆಗೆ ಸರಿಸಿದ. ಮೆಟ್ರೋದಲ್ಲಿ ಒಬ್ಬ ಅಂಕಲ್ ಎದ್ದು ಅವನಿಗೆ ಜಾಗ ಬಿಟ್ಟುಕೊಟ್ಟರು, ಎಂಥಾ ಒಳ್ಳೆಯ ತಂದೆ ಎಂದು ಹಿಂದಿಯಲ್ಲಿ ಹೊಗಳಿದರು. ನನಗೆ ಹಾಗೆ ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಮರುದಿನ ಅದೃಷ್ಟಕ್ಕೆ ದೆಹಲಿಯ ಹೊಗೆ ಕಡಿಮೆಯಾಗಿ ಗಾಳಿ ಉಸಿರಾಡುವಂತಿತ್ತು. ಬಿಸಿಲು ಏರಿದ ಮೇಲೆ ಜೌಗಿನ ದಂಡೆಗೆ ಹೋದೆವು. ಅವರಿಬ್ಬರನ್ನು ಇಲ್ಲಿಯವರು ಕೀಕರ್ ಎನ್ನುವ ಒಂದು ಜಾಲಿ ಮರದ ಕೆಳಗೆ ನಿಲ್ಲಿಸಿ ನಾನು ಬಹಳ ಮುಂದೆ ಹೋಗಿ ಕೂತೆ. ಹೆಬ್ಬಾತುಗಳು ನೀರಿನಲ್ಲಿ ಗುಂಪಾಗಿದ್ದವು. ಅಭ್ಯಾಸ ತಪ್ಪಿತ್ತು. ಒಂದಷ್ಟು ಚಿತ್ರ ತೆಗೆದೆ, ಎಲ್ಲ ಸುಮಾರು.

ಇದ್ದಕ್ಕಿದ್ದಂತೆ ಹಿಂದಿನಿಂದ ಮಗಳ ಕೇಕೆ ಕೇಳಿತು. ಹೆಬ್ಬಾತುಗಳೆಲ್ಲ ಒಟ್ಟಿಗೆ ಎದ್ದು ಹಾರಿಹೋದವು. ಬಂದದ್ದು ಇದಕ್ಕೇನಾ ಎಂದು ಬೈಯಲು ತಿರುಗಿದವಳು, ಕಣ್ಣಿಂದ ಕ್ಯಾಮೆರಾ ಇಳಿಸುವುದನ್ನು ಮರೆತೆ.

ಲೆನ್ಸಿನಲ್ಲಿ ಅವರಿಬ್ಬರೂ ಇದ್ದರು, ನನಗೆ ಕಂಡದ್ದು ಅವಳ ಮುಖ. ಅಪ್ಪನ ಎದೆಗೆ ಬೆನ್ನು ಕೊಟ್ಟು, ಹೊರಗೆ ಮುಖ ಮಾಡಿ, ಕತ್ತು ಎತ್ತಿ ಆಕಾಶ ನೋಡುತ್ತಿದ್ದಳು. ಬಾಯಿ ತೆರೆದೇ ಇತ್ತು. ಕೆಳಗಿನ ವಸಡಿನಲ್ಲಿ ಒಂದು ಹಲ್ಲು ಮೂಡಿತ್ತು, ನನಗೆ ಗೊತ್ತೇ ಇರಲಿಲ್ಲ. ಹೊರಗಿನ ಲೋಕ ನೋಡುವಾಗ ನನ್ನ ಮಗಳ ಮುಖ ಹೇಗಿರುತ್ತದೆ ಎಂದು ನಾನು ಅದೇ ಮೊದಲು ನೋಡಿದ್ದು. ನನ್ನ ಎದೆಯ ಮೇಲಿದ್ದಷ್ಟು ದಿನ ಅದು ನನಗೆ ಕಾಣುವಂತಿರಲಿಲ್ಲ. ಅಳುತ್ತಲೇ ಬಟನ್ ಒತ್ತಿದೆ.

ಆ ಚಿತ್ರ ಈಗ ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಮಗಳು ಹಾರುವ ಹೆಬ್ಬಾತುಗಳನ್ನು ನೋಡುತ್ತಿದ್ದಾಳೆ. ಅವಳ ಅಪ್ಪ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ಮೊಬೈಲ್ ಹಿಡಿದು, ಹಗುರವಾದ ಬೇಬಿ ಕ್ಯಾರಿಯರ್‌ಗಳ ವಿಮರ್ಶೆ ನೋಡುತ್ತಿದ್ದಾನೆ.