ಗುಲಾಬಿ ಗೂಡುಗಳು

ಹುಳುಮನೆಯಲ್ಲಿ ಎಲ್ಲರೂ ಅವಳನ್ನು ಚಿಮಟದಕ್ಕ ಎಂದೇ ಕರೆಯುತ್ತಿದ್ದರು. ಸತ್ತದ್ದಿರಲಿ, ಬದುಕಿದ್ದಿರಲಿ, ಒಂದೊಂದು ರೇಷ್ಮೆ ಹುಳುವನ್ನೂ ಒಂದೊಂದು ಪತಂಗವನ್ನೂ ಚಿಮಟದಲ್ಲಿ ಹಿಡಿದು ಎಣಿಸಿ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಅವು ಸಾಮಾನ್ಯ ಹುಳುಗಳಲ್ಲ. ಬೇರೊಂದು ಜೀವಿಯ ವಂಶವಾಹಿ ಸೇರಿಸಿದ್ದರಿಂದ ಬಣ್ಣ ಹಾಕದೆಯೇ ಗುಲಾಬಿ ನೂಲು ಬಿಡುವಂಥವು. ಸುರಕ್ಷತಾ ಸಮಿತಿ ಒಪ್ಪುವ ತನಕ ಒಂದು ಮೊಟ್ಟೆಯೂ ಹೊಸಿಲು ದಾಟುವಂತಿರಲಿಲ್ಲ. ಅದಕ್ಕೇ ಎರಡೆರಡು ಬಾಗಿಲು, ನಡುವೆ ಸ್ನಾನದ ಕೋಣೆ, ಬಟ್ಟೆ ಬದಲಿಸುವ ನಿಯಮ.

ಹದಿನಾರು ವರ್ಷ ತಂಗಿಯ ಜೊತೆ ಮನೆಯಲ್ಲೇ ಹುಳು ಸಾಕಿದ ಕೈ ಅವಳದು. ಇಲ್ಲಿಗೆ ಬಂದು ಆರು ವರ್ಷ. "ಈಕೆ ಎಣಿಕೆ ತಪ್ಪಿದ ದಿನ ನಾನು ಮೀಸೆ ಬೋಳಿಸ್ತೀನಿ" ಎಂದು ಮ್ಯಾನೇಜರ್ ತಮಾಷೆ ಮಾಡುತ್ತಿದ್ದ.

ಸಮಿತಿಯ ಒಪ್ಪಿಗೆ ಇನ್ನೂ ದೂರವಿತ್ತು. ಹಣ ಹೂಡುವವರಿಗೆ ಮಾತ್ರ ಆಗಲೇ ಒಪ್ಪಿಗೆ ಸಿಕ್ಕಷ್ಟು ಸಡಗರ. ಅವರು ನಿಂತು ನೋಡಲೆಂದು ಹೊರಬಾಗಿಲ ಪಕ್ಕದಲ್ಲಿದ್ದ ಕೆಲಸಗಾರರ ಕಪಾಟುಗಳನ್ನು ಕಿತ್ತು ಕಂಪನಿ ಅಲ್ಲೊಂದು ಗಾಜಿನ ಗೋಡೆ ಕಟ್ಟಿಸಿತು.

"ನಮ್ಮ ಚೀಲ ಎಲ್ಲಿಡೋದು ಸಾರ್?" ಎಂದು ಚಿಮಟದಕ್ಕ ಮ್ಯಾನೇಜರನನ್ನು ಕೇಳಿದಳು.

"ಒಂದು ತಿಂಗಳು ಒಳಗೇ ಮೂಲೇಲಿ ಇಟ್ಕೊಳ್ಳಿ. ಆಮೇಲೆ ನೋಡೋಣ."

ಆ ತಿಂಗಳಲ್ಲೇ ಒಂದು ದಿನ ಒಂದು ಹೆಣ್ಣು ಪತಂಗ ಕಡಿಮೆ ಬಂತು. ಚಿಮಟದಕ್ಕ ಮೂರು ಸಲ ಎಣಿಸಿದಳು. ತಟ್ಟೆಗಳ ಅಡಿಯಲ್ಲಿ, ಬಾಗಿಲ ಸಂದಿನಲ್ಲಿ ಮಂಡಿಯೂರಿ ಹುಡುಕಿದಳು. ಸಿಗಲಿಲ್ಲ.

"ಎಲ್ಲೋ ಸತ್ತು ಬಿದ್ದಿರುತ್ತೆ. ಸತ್ತಿದೆ ಅಂತಲೇ ಬರಿ," ಎಂದ ಮ್ಯಾನೇಜರ್. "ನಾಳೆ ದೊಡ್ಡ ಮನುಷ್ಯರು ಬರ್ತಿದಾರೆ. ಈಗ ಸಮಿತಿಗೆ ಹೇಳಿದ್ರೆ ಎಲ್ಲರ ಹೊಟ್ಟೆ ಮೇಲೂ ಹೊಡೆದ ಹಾಗೆ."

ಅವಳು ಹಾಗೆಯೇ ಬರೆದಳು. ಆ ಪುಸ್ತಕದಲ್ಲಿ ಅವಳು ಬರೆದ ಮೊದಲ ಸುಳ್ಳು ಅದು. ಅದೇ ವಾರ ತಂಗಿ, ಹಿಪ್ಪುನೇರಳೆ ಸೊಪ್ಪು ತುಂಬೋಕೆ ಬೇಕು ಅಂತ ಅವಳ ಬಟ್ಟೆಚೀಲವನ್ನು ಕೇಳಿ ಪಡೆದಳು.

ನಲವತ್ತು ದಿನ ಕಳೆದಿರಬಹುದು. ತಂಗಿಯ ಫೋನು ಬಂತು. "ಅಕ್ಕಾ, ಓಡಿ ಬಾ! ಬಿಳಿ ಗೂಡಿನ ಮಧ್ಯೆ ಗುಲಾಬಿ ಗೂಡು ಕಟ್ಟಿವೆ. ಹನ್ನೊಂದು! ನಮ್ಮ ಅದೃಷ್ಟ ಖುಲಾಯಿಸ್ತು ಕಣೇ!"

ಅವಳು ಹೋಗಿ ಆ ಗೂಡುಗಳನ್ನು ನೋಡಿದಳು. ಚೀಲ ತರಿಸಿ ಒಳಗಿನದನ್ನು ಹೊರಕ್ಕೆ ತಿರುವಿದಳು. ಹೊಲಿಗೆಯುದ್ದಕ್ಕೂ ಮರಿ ಒಡೆದ ಮೊಟ್ಟೆಗಳ ಸಿಪ್ಪೆ, ಸುಮಾರು ಮುನ್ನೂರು. ಕಾಣೆಯಾದ ಪತಂಗ ಮೊಟ್ಟೆಯಿಟ್ಟದ್ದು ಅವಳ ಚೀಲದಲ್ಲೇ. ಆ ಚೀಲವನ್ನು ಹುಳುಮನೆಯಿಂದ ಹೊರಗೆ ತಂದವಳೂ ಅವಳೇ; ಮರಿಗಳು ಸೊಪ್ಪಿಗೆ ಹತ್ತಿಕೊಂಡು ತಂಗಿಯ ತಟ್ಟೆ ಸೇರಿದ್ದವು.

ಎಲ್ಲ ಕೇಳಿದ ತಂಗಿ ದನಿ ತಗ್ಗಿಸಿದಳು. "ಒಲೆಗೆ ಹಾಕ್ಬಿಡೋಣ. ಯಾರಿಗೆ ಗೊತ್ತಾಗುತ್ತೆ?"

"ಹನ್ನೊಂದು ಇಲ್ಲಿವೆ. ಮಿಕ್ಕಿದ್ದು?"

ತಂಗಿ ಬಾಗಿಲಾಚೆಗೆ ಕೈ ತೋರಿಸಿದಳು. "ಸೊಪ್ಪು ಸಾಲ್ದೆ ಮೂರು ತಟ್ಟೆ ಹುಳ ಆಚೆ ಬೀದಿಯೋರಿಗೆ ಕೊಟ್ಟೆ. ಅವರೂ ಒಂದಷ್ಟು ಬೇರೆಯೋರಿಗೆ ಕೊಟ್ಟಿರ್ಬೇಕು."

ಇನ್ನು ಹತ್ತೇ ದಿನದಲ್ಲಿ ಆ ಗೂಡುಗಳು ಒಡೆದು ಪತಂಗಗಳು ಹೊರಬರಲಿದ್ದವು. ಸಾಕಿದ ಪತಂಗ ಹಾರಲಾರದು, ನಿಜ. ಪೊದೆಗಳಲ್ಲಿರುವ ಅದರ ಕಾಡು ನೆಂಟರು ಹಾರಬಲ್ಲವು. ಅವುಗಳ ಜೊತೆ ಕೂಡಿದರೆ ಆಮೇಲೆ ಯಾರ ಕೈಯಲ್ಲೂ ಇಲ್ಲ. ಮಾರನೆಯ ಬೆಳಿಗ್ಗೆ ಚಿಮಟದಕ್ಕ ಮ್ಯಾನೇಜರನ ಬಳಿ ಹೋಗದೆ ನೆಟ್ಟಗೆ ಸಮಿತಿಯ ಕಚೇರಿಗೆ ಹೋದಳು. ತಾನು ಬರೆದ ಸುಳ್ಳನ್ನೂ ಮುಚ್ಚಿಡಲಿಲ್ಲ.

ಮೂರನೆಯ ದಿನ ಬಿಳಿ ಕವಚ ತೊಟ್ಟವರು ಬಂದರು. ಇಪ್ಪತ್ತೇಳು ಮನೆಗಳ ಗೂಡುಗಳು, ಬಿಳಿಯವು ಗುಲಾಬಿಯವು ಎನ್ನದೆ, ಕುದಿಯುವ ನೀರಿಗೆ ಬಿದ್ದವು. ತಟ್ಟೆಗಳನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ತಂಗಿಯ ಫಸಲು ಮರುದಿನ ಮಾರುಕಟ್ಟೆಗೆ ಹೋಗಬೇಕಿತ್ತು.

"ನೀನು ಸುಮ್ನಿದ್ದಿದ್ರೆ..." ಎಂದಳು ತಂಗಿ.

"ಇರೋಕಾಗ್ಲಿಲ್ಲ ಕಣೇ."

"ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕೆ ಇಷ್ಟು ಮನೆ ಹಾಳ್ ಮಾಡ್ದೆ."

ಚೀಲ ಒಳಗೊಯ್ದಿದ್ದಕ್ಕೆ, ಸುಳ್ಳು ಬರೆದದ್ದಕ್ಕೆ ಕಂಪನಿ ಅವಳನ್ನು ಕೆಲಸದಿಂದ ತೆಗೆಯಿತು. ಮ್ಯಾನೇಜರ್ ತನಗೇನೂ ಗೊತ್ತಿಲ್ಲವೆಂದು ಕೈ ತೊಳೆದುಕೊಂಡ. ಎರಡು ತಿಂಗಳು ಹುಳುಮನೆಗೆ ಬೀಗ ಬಿತ್ತು. ಹಣ ಹೂಡಿದವರು ಓಡಿಹೋಗುತ್ತಾರೆ ಎಂದು ಊರೆಲ್ಲ ಅಂದುಕೊಂಡಿತ್ತು. ಕಂಪನಿ ಅವರಿಗೊಂದು ಕಾಗದ ಬರೆಯಿತು: ತಪ್ಪಿಸಿಕೊಂಡ ಹುಳುಗಳನ್ನು ಮೂರೇ ದಿನದಲ್ಲಿ ನಿರ್ಮೂಲ ಮಾಡಲಾಗಿದೆ, ನಮ್ಮ ಸುರಕ್ಷತಾ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದಕ್ಕೆ ಇದೇ ಸಾಕ್ಷಿ. ಅವರು ಮೆಚ್ಚಿದರು. ಎರಡರಷ್ಟು ದೊಡ್ಡದೊಂದು ಹುಳುಮನೆಗೆ ಅಡಿಪಾಯ ಬಿತ್ತು.

ಐದು ತಿಂಗಳು ಮಾತು ಬಿಟ್ಟಿದ್ದ ತಂಗಿ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಕಾಗದ. ಹೊಸ ಹುಳುಮನೆಯಲ್ಲಿ ಕೆಲಸ. ಫಸಲು ಕಳೆದುಕೊಂಡವರಿಗೆ ಮೊದಲ ಅವಕಾಶವಂತೆ.

"ಅಕ್ಷರ ತೀರಾ ಸಣ್ಣವು. ಓದಿ ಹೇಳು."

ಚಿಮಟದಕ್ಕ ಕಾಗದದಲ್ಲಿದ್ದ ಮೂವತ್ತೆಂಟು ನಿಯಮಗಳನ್ನೂ ಓದಿದಳು.

"ಇದನ್ನೆಲ್ಲ ಅವ್ರು ಪಾಲಿಸ್ತಾರಾ?"

"ಹಣ ಹಾಕೋರು ಬರೋ ತನಕ ಪಾಲಿಸ್ತಾರೆ."

ತಂಗಿ ಕಾಗದವನ್ನು ವಾಪಸು ತೆಗೆದುಕೊಂಡಳು. ಮನೆಯಲ್ಲಿ ಬೇರೆ ದುಡಿಮೆ ಇರಲಿಲ್ಲ. ಕೊನೆಗೆ ಕೈ ಚಾಚಿದಳು.

"ಪೆನ್ನು ಕೊಡು."